ಏರಿನಲ್ಲಿ ಮಾತ್ರ ಸೋಲುವ ಕಾರು

ಒಂದೇ ಸಲ ಕೀಲಿ ತಿರುಗಿಸಿದ್ದಕ್ಕೆ ಕಾರು ಸ್ಟಾರ್ಟ್ ಆಗಿಬಿಟ್ಟಿತು. ಇನ್‌ಸ್ಪೆಕ್ಟರಿಗೆ ಅದು ಸರಿಬರಲಿಲ್ಲ.

ಕಾರಿನ ಹಿಂದಿನ ಅರ್ಧ ಮುದುರಿ ಎಸೆದ ಕಾಗದದಂತಿತ್ತು. ಮುಂದಿನ ಅರ್ಧ ಮಾತ್ರ, ಹಿಂದೆ ಏನಾಗಿದೆಯೆಂದು ತನಗೆ ಗೊತ್ತೇ ಇಲ್ಲವೆಂಬ ಹಾಗೆ, ಒಂದೇ ಲಯದಲ್ಲಿ ಗುರುಗುಡುತ್ತಿತ್ತು.

"ಕೇಳಿಸ್ಕೊ," ಎಂದರು ಗ್ಯಾರೇಜು ನಡೆಸುವ ಅವಳ ಸೋದರಮಾವ, ಎಂಜಿನ್ನಿನತ್ತ ಕಿವಿಯೊಡ್ಡಿ. "ಒಂದು ಕೆಮ್ಮಿಲ್ಲ, ಒಂದು ಬಿಕ್ಕಳಿಕೆ ಇಲ್ಲ. ಇಂಥಾ ಎಂಜಿನ್ ನಡುದಾರೀಲಿ ಕೈಕೊಡ್ತು ಅಂದ್ರೆ ನಂಬೋರ್ಯಾರು?"

"ಕೈಕೊಟ್ಟಿದ್ದಂತೂ ನಿಜ ಮಾವ. ಲಾರಿ ಡ್ರೈವರ್ ಕಣ್ಣಾರೆ ಕಂಡಿದಾನೆ."

ಬೆಟ್ಟದ ರಸ್ತೆಯ ಏರಿನಲ್ಲಿ ಲಾರಿಯೊಂದನ್ನು ಹಿಂದೆ ಹಾಕಲು ಹೋದ ದನದ ಡಾಕ್ಟರಮ್ಮನ ಕಾರು ಅರ್ಧದಲ್ಲೇ ಶಕ್ತಿಗುಂದಿ, ಪಕ್ಕಕ್ಕೆ ಹೊರಳುವಷ್ಟರಲ್ಲಿ ಎದುರಿನಿಂದ ಬಂದ ಬಸ್ಸು ಅದರ ಹಿಂಬದಿಗೆ ಬಡಿದು, ಆಕೆ ಅಂದಿನಿಂದ ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಿರಲಿಲ್ಲ.

ಆಕೆ ಕಣ್ಣು ಬಿಡದೆ ಇದ್ದರೆ ಯಾರಿಗೆ ಲಾಭ ಎಂಬುದು ಊರಿಗೆಲ್ಲ ಗೊತ್ತಿತ್ತು. ದನಗಳು ಸಾಲುಸಾಲಾಗಿ ಸತ್ತದ್ದು ಮೇವಿನ ಕಾರ್ಖಾನೆಯ ಹಿಂಡಿಯಿಂದ ಎಂದು ಪತ್ತೆ ಮಾಡಿದವಳು ಆಕೆ. ಮುಂದಿನ ವಾರ ನ್ಯಾಯಾಲಯದಲ್ಲಿ ನಿಂತು ಅದನ್ನು ಹೇಳಬೇಕಿದ್ದವಳೂ ಆಕೆಯೇ.

"ನಿಮ್ಮ ಇಲಾಖೆಯೋರು ಏನಂದ್ರು?" ಮಾವ ಕೇಳಿದರು.

"ಬ್ರೇಕ್ ಒತ್ತಿ ನೋಡಿದ್ರು, ಎಂಜಿನ್ ಶುರು ಮಾಡಿ ನೋಡಿದ್ರು. ಗಾಡಿ ಸರಿಯಿದೆ, ಓಡಿಸಿದೋರದ್ದೇ ತಪ್ಪು ಅಂತ ಬರೆದುಕೊಟ್ರು."

"ಅವರದ್ದೂ ತಪ್ಪಲ್ಲ ಬಿಡು. ಆದ್ರೆ ಕುರ್ಚೀಲಿ ಕೂತ ಮನುಷ್ಯನ್ನ ನೋಡಿ ಉಬ್ಬಸ ಇದೆಯೋ ಇಲ್ವೋ ಅಂತ ಹೇಳಕ್ಕಾಗತ್ತಾ? ಮೆಟ್ಟಿಲು ಹತ್ತಿಸ್ಬೇಕು."

ಇನ್‌ಸ್ಪೆಕ್ಟರ್ ನಕ್ಕಳು. ಠಾಣೆಯಲ್ಲಿ ಅವಳ ಬೆನ್ನ ಹಿಂದೆ ಎಲ್ಲರೂ 'ನಿಧಾನಮ್ಮ' ಎನ್ನುತ್ತಿದ್ದರು. ಯಾವುದಕ್ಕೂ ಆತುರಪಡದ ಆ ಗುಣ ಬಂದದ್ದೇ ಈ ಗ್ಯಾರೇಜಿನಿಂದ. ಅಪ್ಪನನ್ನು ಕಳೆದುಕೊಂಡ ಮೇಲೆ ತಾಯಿಯೂ ಮಗಳೂ ಬಂದು ಸೇರಿದ್ದು ಸೋದರಮಾವನ ಮನೆಗೆ. ಎಣ್ಣೆ ಕಲೆಯ ಈ ನೆಲದ ಮೇಲೆ ಕೂತು ಮಗ್ಗಿ ಬಾಯಿಪಾಠ ಮಾಡಿದವಳು ಅವಳು. ಇಲಾಖೆಯ ವರದಿ ಗಂಟಲಿಗಿಳಿಯದೆ ಇದ್ದಾಗ ಮೇಲಿನವರ ಒಪ್ಪಿಗೆ ಪಡೆದು ಕಾರನ್ನು ನೇರ ಇಲ್ಲಿಗೆ ಎಳೆಸಿಕೊಂಡು ಬಂದಿದ್ದಳು.

"ಹೊಗೆ ಹೇಗಿತ್ತಂತೆ?"

"ಕರ್ರಗೆ. ಮುಖಕ್ಕೆ ಕಂಬಳಿ ಮುಚ್ಚಿದ ಹಾಗಾಯ್ತು ಅಂದ ಲಾರಿಯೋನು."

ಮಾವ ತಲೆದೂಗಿದರು. "ಬಿಳಿ ಹೊಗೆ ಬಂದಿದ್ರೆ ಡೀಸೆಲ್ ಉರೀತಿಲ್ಲ ಅಂತ. ನೀಲಿ ಆದ್ರೆ ಎಂಜಿನ್ ತನ್ನೆಣ್ಣೆ ತಾನೇ ಕುಡೀತಿದೆ ಅಂತ. ಕಪ್ಪು ಅಂದ್ರೆ ಊಟ ಇದೆ, ಉಸಿರಿಲ್ಲ. ಡೀಸೆಲ್ ಸಾಕಷ್ಟು, ಗಾಳಿ ಸಾಲದು."

ಆದರೂ ಅವರು ಒಂದನ್ನೂ ಬಿಡದೆ ನೋಡುತ್ತ ಹೋದರು. ಡೀಸೆಲ್ ಫಿಲ್ಟರಿನ ಮೇಲೆ ಬೆರಳಾಡಿಸಿ, "ಹೊಸದು, ಇದರದ್ದೇನೂ ತಕರಾರಿಲ್ಲ," ಎಂದು ಮುಂದೆ ಸರಿದರು. ಗಾಳಿಯ ಫಿಲ್ಟರನ್ನು ಬಿಚ್ಚಿ ನೆಲಕ್ಕೆ ತಟ್ಟಿದಾಗ ಒಂದಿಷ್ಟು ಧೂಳುದುರಿತು, ಅಷ್ಟೆ. ಸೈಲೆನ್ಸರಿನ ಬಾಯಿಗೆ ಅಂಗೈ ಹಿಡಿದರೆ ಬಿಸಿ ಗಾಳಿ ಧಾರಾಳವಾಗಿ ಹೊರಬರುತ್ತಿತ್ತು.

"ಎಳ್ಕೊಳ್ಳೋ ಕಡೆ ಅಡ್ಡಿಯಿಲ್ಲ, ಬಿಡೋ ಕಡೇನೂ ಅಡ್ಡಿಯಿಲ್ಲ. ಹತ್ತು, ಮೆಟ್ಟಿಲು ಹತ್ತಿಸೋಣ."

ಹಿಂದಿನ ಚಕ್ರಕ್ಕೆ ತಾಗುತ್ತಿದ್ದ ತಗಡನ್ನು ಮಾವ ಆಗಲೇ ಬಗ್ಗಿಸಿಟ್ಟಿದ್ದರು. ಗ್ಯಾರೇಜಿನ ಅಂಗಳದ ಹಿಂದೆ ಮೇಲಿನ ರಸ್ತೆಗೆ ಕಡಿದಾದ ಒಂದು ಮಣ್ಣುದಾರಿಯಿತ್ತು. ಎಂಜಿನ್ ಬಿಚ್ಚಿಟ್ಟಿದ್ದ ಮೇವಿನ ಕಾರ್ಖಾನೆಯ ಲಾರಿಯೊಂದರ ಪಕ್ಕದಲ್ಲಿ ನುಸುಳಿ ಕಾರು ದಾರಿಯ ಬುಡಕ್ಕೆ ಬಂತು. ಸಮತಟ್ಟಿನಲ್ಲಿ ಅದಕ್ಕೇನೂ ಆಗಿರಲಿಲ್ಲ. ಏರು ಶುರುವಾಗಿ ಮಾವ ಕಾಲೊತ್ತಿದ್ದೇ ತಡ, ಬಾನೆಟ್ಟಿನೊಳಗಿಂದ ಸುಯ್ ಎಂಬ ಸದ್ದು ಬಂತು. ಕಾಲು ಇನ್ನಷ್ಟು ಒತ್ತಿದರು. ಸದ್ದು ಜೋರಾಯಿತು, ಕಾರು ಮಾತ್ರ ಹಿಂದಿನಿಂದ ಯಾರೋ ಸೆರಗು ಹಿಡಿದೆಳೆದಂತೆ ನಿಂತಲ್ಲೇ ನರಳಿತು. ಕನ್ನಡಿಯಲ್ಲಿ ಕಪ್ಪು ಹೊಗೆ.

ಆ ಹೊಗೆ ನೋಡುತ್ತಿದ್ದಂತೆ ಇನ್‌ಸ್ಪೆಕ್ಟರಿಗೆ ಎದುರಿನ ಬಸ್ಸು ಕಂಡಂತಾಯಿತು. ಒಬ್ಬ ಹೆಂಗಸು ಇದೇ ಸೀಟಿನಲ್ಲಿ ಕೂತು, ಇದೇ ಪೆಡಲನ್ನು ಜೀವ ಕೈಯಲ್ಲಿ ಹಿಡಿದು ತುಳಿದಿದ್ದಳು.

"ಸಿಕ್ತು," ಎಂದರು ಮಾವ.

* * *

ಕಾರಿನಡಿ ಅಂಗಾತ ಮಲಗಿ, ಟಾರ್ಚಿನ ಬೆಳಕಿನಲ್ಲಿ ಮಾವ ತೋರಿಸಿದರು. ಟರ್ಬೊ ಒತ್ತಿದ ಗಾಳಿಯನ್ನು ಎಂಜಿನ್ನಿಗೆ ಒಯ್ಯುವ ದಪ್ಪ ರಬ್ಬರ್ ಪೈಪು. ಮೇಲಿನಿಂದ ನೋಡಿದರೆ ಅದಕ್ಕೇನೂ ಆಗಿರಲಿಲ್ಲ. ಕೆಳಹೊಟ್ಟೆಯಲ್ಲಿ ಬೆರಳುದ್ದದ ಒಂದು ಸೀಳು.

"ಸುಮ್ನೆ ನಿಂತಾಗ ಇದು ತುಟಿ ಮುಚ್ಚಿಕೊಂಡಿರತ್ತೆ. ಭಾರ ಬಿದ್ದಾಗ ಒಳಗೆ ಒತ್ತಡ ಏರತ್ತೆ ನೋಡು, ಆಗ ಬಾಯಿ ಬಿಡತ್ತೆ. ಎಂಜಿನ್ನಿಗೆ ಹೋಗ್ಬೇಕಾದ ಗಾಳಿಯೆಲ್ಲ ಬೀದಿ ಪಾಲು."

"ಹಳೇದಾಗಿ ಬಿರಿದದ್ದಾ?"

ಮಾವ ಟಾರ್ಚನ್ನು ಸೀಳಿನ ಅಂಚಿಗೆ ಹಿಡಿದರು. "ಬಿರಿದದ್ದಾದ್ರೆ ಅಂಚು ಹರಕಲು ಮುರುಕಲಾಗಿರತ್ತೆ. ಇದು ಬ್ಲೇಡು."

ಇನ್‌ಸ್ಪೆಕ್ಟರ್ ಅವರ ಪಕ್ಕದಲ್ಲೇ ನೆಲಕ್ಕೆ ಬೆನ್ನು ಕೊಟ್ಟಳು. ಸಮವಸ್ತ್ರಕ್ಕೆ ಎಣ್ಣೆ ಹತ್ತಿದ್ದು ಗಮನಕ್ಕೂ ಬರಲಿಲ್ಲ. ಸೀಳಿನ ಒಳತುಟಿಗಳ ಮೇಲೆ ಎಣ್ಣೆ ಜಿನುಗಿ, ಧೂಳು ಕೂತು, ಗಟ್ಟಿಯಾಗಿತ್ತು. ನಿನ್ನೆ ಮೊನ್ನೆಯ ಗಾಯವಲ್ಲ ಅದು. ಆದರೆ ಸೀಳಿನ ಸುತ್ತ, ಪೈಪಿಗೆ ಬಳೆ ತೊಡಿಸಿದಂತೆ, ಅಗಲವಾದ ಒಂದು ಪಟ್ಟಿ ಬೇರೆಯಾಗಿ ಕಾಣುತ್ತಿತ್ತು. ಉಳಿದ ಪೈಪೆಲ್ಲ ಜಿಡ್ಡು, ಆ ಪಟ್ಟಿ ಮಾತ್ರ ಮಿರುಗುವ ಕಪ್ಪು. ಬೆರಳಿಟ್ಟಳು. ಅಂಟಿತು.

"ಮಾವ, ಇದು ಗೋಂದು."

ಮಾವ ಟಾರ್ಚನ್ನು ಇನ್ನೊಂದು ಕೈಗೆ ಬದಲಿಸಿದರು.

"ಯಾರೋ ಸೀಳು ನೋಡಿದಾರೆ. ಜಿಡ್ಡನ್ನ ಪೆಟ್ರೋಲಿನಲ್ಲಿ ಒರೆಸಿ ಬಟ್ಟೆ ಟೇಪು ಸುತ್ತಿದಾರೆ. ಟೇಪು ಇದ್ದಷ್ಟು ಜಾಗಕ್ಕೆ ಧೂಳು ಬಿದ್ದಿಲ್ಲ."

"ಒತ್ತಡಕ್ಕೆ ತಾನಾಗೇ ಬಿಚ್ಚಿಕೊಂಡಿರ್ಬೇಕು, ಪುಟ್ಟಿ."

"ಬಿಚ್ಚಿಕೊಂಡಿದ್ರೆ ಚಿಂದಿಯಾದ್ರೂ ಉಳಿಯೋದಲ್ವಾ?" ಅವಳು ಎಂಜಿನ್ನಿನ ಕೆಳತಟ್ಟೆಯ ಮೇಲೆಲ್ಲ ಕೈಯಾಡಿಸಿದಳು. ಒಣ ಎಲೆ, ಒಂದು ಹಳೆ ನಟ್ಟು, ಅಷ್ಟೆ. "ಒಂದು ಎಳೆಯೂ ಇಲ್ಲ. ತುದಿ ಹುಡುಕಿ, ಉಗುರಿನಲ್ಲಿ ಎಬ್ಬಿಸಿ, ಸುತ್ತು ಸುತ್ತಾಗಿ ತೆಗೆದಿದಾರೆ. ಅದೂ ತೀರಾ ಈಚೆಗೆ."

ಕೊಯ್ದ ಕೈ ಒಂದು. ಕಟ್ಟಿದ ಕೈ ಇನ್ನೊಂದು. ಬಿಚ್ಚಿದ ಕೈ ಯಾವುದು?

ಕಾರಿನಡಿಯಿಂದ ಹೊರಬಂದ ಮಾವ ಬಹಳ ಹೊತ್ತು ಕೈ ಒರೆಸಿಕೊಳ್ಳುತ್ತ ನಿಂತರು. ವಯಸ್ಸಾಯಿತು, ಬಗ್ಗಿ ಎದ್ದರೆ ಆಯಾಸ ಎಂದುಕೊಂಡಳು ಅವಳು. "ಪೈಪನ್ನ ಹುಷಾರಾಗಿ ಬಿಚ್ಚಿಡಿ ಮಾವ, ಸಂಜೆ ಬಂದು ತಗೊಂಡು ಹೋಗ್ತೀನಿ," ಎಂದು ಜೀಪು ಹತ್ತಿದಳು.

* * *

ಡಾಕ್ಟರಮ್ಮನಿಗೆ ಹಿಂದೆ ಮುಂದೆ ಯಾರೆಂದರೆ ಒಬ್ಬ ತಮ್ಮ. ನೀರೆತ್ತುವ ಮೋಟಾರು, ಪಂಪು ರಿಪೇರಿ ಮಾಡುತ್ತಿದ್ದವನು. ಜನ ಅವನನ್ನು ಪಂಪಣ್ಣ ಎಂದೇ ಕರೆದು ಕರೆದು ಸ್ವಂತ ಹೆಸರು ಅವನಿಗೇ ಮರೆತಂತಾಗಿತ್ತು. ಅಕ್ಕ ತಮ್ಮ ಒಂದೇ ಮನೆಯಲ್ಲಿದ್ದರು. ಅಪಘಾತಕ್ಕೆ ಕೆಲವೇ ದಿನ ಮುಂಚೆ ಇಬ್ಬರೂ ಬೀದಿಗೆ ಕೇಳಿಸುವಂತೆ ಜಗಳವಾಡಿದ್ದನ್ನು ನೆರೆಯವರು ಹೇಳಿದ್ದರು.

ತೀವ್ರ ನಿಗಾ ಘಟಕದ ಹೊರಗಿನ ಬೆಂಚಿನಲ್ಲಿ ಅವನು ಕೂತಿದ್ದ. ಗಡ್ಡ ಬೆಳೆದಿತ್ತು. ತೊಡೆಯ ಮೇಲೆ ಪ್ಲಾಸ್ಟಿಕ್ ಚೀಲ, ಅದರೊಳಗೆ ಅಕ್ಕನ ಕನ್ನಡಕ.

ಇನ್‌ಸ್ಪೆಕ್ಟರ್ ಪಕ್ಕದಲ್ಲಿ ಕೂತಳು. ಸುತ್ತಿ ಬಳಸಿ ಮಾತಾಡುವ ಮನಸ್ಸಾಗಲಿಲ್ಲ.

"ಅಕ್ಕನ ಕಾರಿಗೆ ಪಟ್ಟಿ ಕಟ್ಟಿದ್ದು ಯಾವಾಗ, ಪಂಪಣ್ಣ?"

"ಯಾವ ಪಟ್ಟಿ?"

"ರಬ್ಬರ್ ಪೈಪಿಗೆ ಕಟ್ಟಿದ್ದು. ಪೆಟ್ರೋಲಿನಲ್ಲಿ ಒರೆಸಿ, ಟೇಪು ಬಿಗಿಯಾಗಿ ಎಳೆದು, ಒಂದರ ಮೇಲೊಂದು ಸುತ್ತಿದ್ದು. ಪಂಪಿನ ಪೈಪಿಗೆ ನೀವು ಸುತ್ತೋ ಹಾಗೇನೇ."

ಅವನ ಮುಖ ಕಪ್ಪಿಟ್ಟಿತು. "ಸುತ್ತಿದ್ದು ನಾನೇ ಮೇಡಂ. ಕೊಯ್ದಿದ್ದು ನಾನಲ್ಲ."

"ಕೊಯ್ದಿದಾರೆ ಅಂತ ನಾನು ಹೇಳಲೇ ಇಲ್ಲವಲ್ಲ?"

ಅವನು ದಣಿದ ಕಣ್ಣೆತ್ತಿ ನೋಡಿದ. "ಸುತ್ತಿದೋನಿಗೆ ಒಳಗೇನಿದೆ ಅಂತ ಗೊತ್ತಿರಲ್ವಾ ಮೇಡಂ?"

ಇನ್‌ಸ್ಪೆಕ್ಟರಿಗೆ ಒಳಗೊಳಗೇ ನಾಚಿಕೆಯಾಯಿತು. "ಸರಿ. ಹೇಳಿ."

"ಏರಿನಲ್ಲಿ ಗಾಡಿ ಎಳೀತಿಲ್ಲ ಕಣೋ ಅಂದ್ಲು ಅಕ್ಕ. ನೋಡಿದ್ರೆ ಇದು. ಬ್ಲೇಡಿನ ಗಾಯ ಅಂತ ನನಗೆ ನೋಡಿದ ಕೂಡಲೇ ಗೊತ್ತಾಯ್ತು. ಹೊಸ ಪೈಪು ಹಾಕಿಸೋಣ, ಪೊಲೀಸಿಗೆ ಹೇಳೋಣ ಅಂದೆ. ಎರಡೂ ಬೇಡ ಅಂದ್ಲು."

"ಯಾಕೆ?"

"ಕೊಯ್ದೋರು ಕೆಲಸ ಆಯ್ತಾ ಇಲ್ವಾ ಅಂತ ನೋಡಕ್ಕೆ ಮತ್ತೆ ಬಂದೇ ಬರ್ತಾರೆ, ಬರಲಿ, ಯಾರು ಅಂತ ಗೊತ್ತಾಗಲಿ ಅಂದ್ಲು. ರೋಗ ಯಾವುದು ಅಂತ ಗೊತ್ತಾಗದೆ ಔಷಧಿ ಕೊಡಲ್ಲ ನಾನು ಅಂದ್ಲು. ನನ್ನ ಕೈಲಿ ಆಣೆ ಹಾಕಿಸಿದ್ಲು."

"ಜಗಳ ಆಗಿದ್ದು ಅದಕ್ಕಾ?"

"ಅದಕ್ಕೇ. ಸಾಕ್ಷಿ ಗೀಕ್ಷಿ ಬಿಟ್ಟುಬಿಡು, ಸತ್ತ ದನ ಎದ್ದು ಬರಲ್ಲ, ನೀನು ಉಳಿ ಅಂದೆ. ನಿನ್ನ ಪಂಪು ನೀನು ನೋಡ್ಕೊ ಅಂದ್ಲು." ಅವನು ಚೀಲದೊಳಗಿನ ಕನ್ನಡಕವನ್ನು ಸವರಿದ. "ನೋಡಿ, ಈಗ ನನ್ನ ಟೇಪೇ ಕೈಕೊಡ್ತು. ಇನ್ನೊಂದು ಸುತ್ತು ಹಾಕಿದ್ದಿದ್ರೆ... ಅದನ್ನೇ ಯೋಚಿಸ್ತಾ ಕೂತಿದೀನಿ. ಅಕ್ಕನ್ನ ಇಲ್ಲಿ ಮಲಗಿಸಿದ್ದು ನಾನೇ."

"ನಿಮ್ಮ ಟೇಪು ಬಿಚ್ಚಿಕೊಳ್ಳಲಿಲ್ಲ, ಪಂಪಣ್ಣ. ಯಾರೋ ಕೂತು ಬಿಡಿಸಿದಾರೆ."

ಅವನು ಹಾಗೇ ಅವಳ ಮುಖ ನೋಡಿದ. ಆಮೇಲೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, ಆ ನಿಶ್ಶಬ್ದದ ಮೊಗಸಾಲೆಯಲ್ಲಿ ಸದ್ದು ಮಾಡದೆ, ಹೆಗಲು ಅಲುಗುವಂತೆ ಅತ್ತ. ಇಷ್ಟು ದಿನ ಹೊತ್ತಿದ್ದ ಕಲ್ಲನ್ನು ಯಾರೋ ಇಳಿಸಿದಾಗ ಅಳುವ ಅಳು ಅದು. ನಟನೆಯಲ್ಲಿ ಅಂಥದ್ದು ಬರುವುದಿಲ್ಲ. ಸಂಶಯದ ಪಟ್ಟಿಯಿಂದ ಅವನನ್ನು ಇನ್‌ಸ್ಪೆಕ್ಟರ್ ಆಗಲೇ ಅಳಿಸಿಹಾಕಿದಳು.

ಅವನು ಕಣ್ಣೊರೆಸಿಕೊಳ್ಳುವವರೆಗೆ ಕಾದು ಕೇಳಿದಳು: "ಕಾರು ರಾತ್ರಿ ಎಲ್ಲಿರ್ತಿತ್ತು?"

"ಮನೆ ಶೆಡ್ಡಿನಲ್ಲಿ. ಬೀಗದ ಕೈ ಅಕ್ಕನ ಹತ್ರಾನೇ. ಪೈಪಿನ ಕತೆ ಆದಮೇಲೆ ಹೊರಗೆ ಬಿಟ್ಟಿದ್ದು ಒಂದೇ ಸಲ. ಅಪಘಾತದ ಹಿಂದಿನ ದಿನ ಸರ್ವೀಸಿಗೆ ಕೊಟ್ಟಿದ್ಲು."

"ಯಾವ ಗ್ಯಾರೇಜು?"

"ಹೇಳಲಿಲ್ಲ. ನಂಬೋಂಥೋರು ಒಬ್ಬರು ಸಿಕ್ಕಿದಾರೆ ಕಣೋ ಅಂದ್ಲು, ಅಷ್ಟೆ."

ಊರಿನ ಗ್ಯಾರೇಜಿನವರೆಲ್ಲ ಮಾವನಿಗೆ ಪರಿಚಯ. ಕೇಳಿದರೆ ಯಾರೆಂದು ಒಂದು ಗಳಿಗೆಯಲ್ಲಿ ಗೊತ್ತಾದೀತು ಎಂದುಕೊಂಡಳು. ಆದರೆ ಅವಳನ್ನು ಕೊರೆಯುತ್ತಿದ್ದದ್ದು ಬೇರೆ.

"ಪೈಪಿಗೆ ಗಾಯ ಆಗಿರೋದು ನಿಮ್ಮಕ್ಕನಿಗೆ ಗೊತ್ತಿತ್ತು. ಗೊತ್ತಿದ್ದೂ ಆ ಏರಿನಲ್ಲಿ ಲಾರಿ ಹಿಂದೆ ಹಾಕಕ್ಕೆ ಯಾಕೆ ಹೋದ್ರು?"

"ಅದೇ ನನಗೂ ಅರ್ಥ ಆಗ್ತಿಲ್ಲ. ಜೋರು ಮಾಡ್ಬೇಡ ಅಂತ ಹೇಳಿದ್ದೆ. ಸೈಕಲ್ಲು ಮುಂದೆ ಹೋದ್ರೂ ಹೋಗಲಿ ಅನ್ನೋ ಹಾಗೆ ಓಡಿಸ್ತಿದ್ಲು. ಅವಳು ಮೈಮರೆತು ಓಡೋದು ಒಂದಕ್ಕೇ ಮೇಡಂ. ಹೊಟ್ಟೇಲಿ ಕರು ಅಡ್ಡ ಸಿಕ್ಕಿಕೊಂಡಿದೆ ಅಂದ್ರೆ."

ಹಿಂದಿನ ಸೀಟಿನಲ್ಲಿ ಚೆಲ್ಲಾಡಿದ್ದ ಸಾಮಾನು ಇನ್‌ಸ್ಪೆಕ್ಟರ್ ಕಣ್ಣಿಗೆ ಕಟ್ಟಿತು. ಭುಜದವರೆಗೆ ಬರುವ ಕೈಗವಸು, ಬಿಳಿ ಹಗ್ಗದ ಎರಡು ತುಂಡು. ದನದ ಡಾಕ್ಟರ ಕಾರಿನಲ್ಲಿ ಇರುವಂಥವೇ ಎಂದು ಅಂದು ಎತ್ತಿಡಿಸಿದ್ದಳು.

"ಕೈಗವಸು, ಹಗ್ಗ ಕಾರಿನಲ್ಲೇ ಇರ್ತಿತ್ತಾ?"

"ಛೆ, ಇಲ್ಲ. ಹಗ್ಗನ ಕುದಿಸಿ ಕಪಾಟಿನಲ್ಲಿಡೋಳು. ಕರು ಎಳೆಯಕ್ಕೆ ಹೋಗುವಾಗ ಮಾತ್ರ ತೆಗೀತಾಳೆ."

* * *

ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಇನ್‌ಸ್ಪೆಕ್ಟರ್ ಬೆಟ್ಟದ ಮೇಲಿನ ಹಾಲಿನ ಕೇಂದ್ರಕ್ಕೆ ಫೋನು ಹಚ್ಚಿದಳು. ಮೇಲೆ ಇರುವುದು ಒಂದೇ ಹಳ್ಳಿ, ಯಾರ ಮನೆಯ ಹಸು ಎಷ್ಟು ಕರೆಯುತ್ತದೆ, ಯಾವುದು ಗಬ್ಬ, ಎಲ್ಲ ಕೇಂದ್ರದವನ ನಾಲಗೆಯ ತುದಿಯಲ್ಲೇ ಇತ್ತು.

"ಆ ದಿನ ನಿಮ್ಮಲ್ಲಿ ಯಾವ ಹಸುವಾದ್ರೂ ಈಯಕ್ಕೆ ಕಷ್ಟಪಡ್ತಿತ್ತಾ?"

"ಆ ದಿನ ಅಲ್ಲ ಮೇಡಂ, ಈ ತಿಂಗಳಲ್ಲೇ ಒಂದೂ ಈದಿಲ್ಲ. ಡಾಕ್ಟರಮ್ಮನ್ನ ನಾವ್ಯಾರೂ ಕರೆಸಿರಲಿಲ್ಲ. ಪಾಪ, ಯಾಕೆ ಬರ್ತಿದ್ರೋ ಅಂತ ನಾವೂ ಮಾತಾಡಿಕೊಂಡ್ವಿ."

ಫೋನು ಕೆಳಗಿಳಿಸಿ ಅವಳು ಅಲ್ಲೇ ನಿಂತಳು. ಜನ ಹತ್ತಿ ಇಳಿಯುತ್ತಿದ್ದರು. ಇಷ್ಟು ದಿನ ಅವಳು ಕೇಳಿಕೊಳ್ಳುತ್ತಿದ್ದದ್ದು ಕಾರು ಯಾಕೆ ಸೋತಿತು ಎಂದು. ಕೇಳಬೇಕಾಗಿದ್ದದ್ದು, ಅದರ ಮೇಲೆ ಅಷ್ಟು ಭಾರ ಬೀಳುವಂತೆ ಮಾಡಿದ್ದು ಯಾರು ಎಂದು.

ಪೈಪು ಕೊಯ್ದರೆ ಸಾಲದು. ಟೇಪು ಬಿಡಿಸಿದರೂ ಸಾಲದು. ಮೆಲ್ಲಗೆ ಓಡಿಸುವವಳನ್ನು ಆ ಕಾರು ಏನೂ ಮಾಡುತ್ತಿರಲಿಲ್ಲ. ಅವಳು ಏರಿನಲ್ಲಿ ಎದೆಯೊಡೆಯುವಂತೆ ಓಡಬೇಕು, ಎದುರಿಗೆ ಏನು ಬರುತ್ತಿದೆಯೆಂದು ಲೆಕ್ಕಿಸದೆ ನುಗ್ಗಬೇಕು. ಅದಕ್ಕೆ ಒಂದು ಕರುವಿನ ಜೀವ ಸಾಕು ಎಂದು ತಿಳಿದು ಸುಳ್ಳು ಕರೆ ಮಾಡಿದವನು ಎಂಜಿನ್ನನ್ನಷ್ಟೇ ಅಲ್ಲ, ಆಕೆಯ ಮನಸ್ಸನ್ನೂ ಬಿಚ್ಚಿ ನೋಡಿದ್ದ. ಕೊಲ್ಲಲು ಬಳಸಿದ್ದು ಆಕೆಯ ಕರುಣೆಯನ್ನು.

ಠಾಣೆಗೆ ಫೋನು ಮಾಡಿ ಹೆಡ್ ಕಾನ್‌ಸ್ಟೆಬಲ್‌ಗೆ ಹೇಳಿದಳು: "ಡಾಕ್ಟರಮ್ಮ ಮನೆ ಬಿಡೋ ಮುಂಚೆ ಕೊನೇದಾಗಿ ಯಾವ ನಂಬರಿನಿಂದ ಕರೆ ಬಂದಿತ್ತು? ಫೋನ್ ಕಂಪನಿಯಿಂದ ಇವತ್ತೇ ತರಿಸಿ."

* * *

ಗ್ಯಾರೇಜಿಗೆ ಮರಳುವಾಗ ಸೂರ್ಯ ಇಳಿಯತೊಡಗಿದ್ದ. ಕೆಲಸದವರು ಮನೆಗೆ ಹೋಗಿದ್ದರು. ಮಾವ ಒಬ್ಬರೇ ನಲ್ಲಿಯ ಬಳಿ ಸೋಪಿನಲ್ಲಿ ಕೈ ತಿಕ್ಕುತ್ತಿದ್ದರು. ರಬ್ಬರ್ ಪೈಪು ಬಿಳಿ ಬಟ್ಟೆಯಲ್ಲಿ ಸುತ್ತಿ ಮೇಜಿನ ಮೇಲಿತ್ತು.

"ಮುಖ ಯಾಕೆ ಹೀಗಿದೆ? ಮಧ್ಯಾಹ್ನ ಊಟ ಮಾಡಿದ್ಯಾ?"

"ಆಯ್ತು ಮಾವ," ಎಂದು ಸುಳ್ಳು ಹೇಳಿದಳು. "ಟೇಪು ಕಟ್ಟಿದ್ದು ತಮ್ಮ. ಬಿಚ್ಚಿದ್ದು ಅವನಲ್ಲ. ಹಿಂದಿನ ದಿನ ಕಾರು ಸರ್ವೀಸಿಗೆ ಹೋಗಿತ್ತಂತೆ. ಯಾರ ಹತ್ರ ಅಂತ ನೀವು ಸ್ವಲ್ಪ ವಿಚಾರಿಸ್ಬೇಕು."

"ವಿಚಾರಿಸೋಣ," ಎಂದರು ಮಾವ, ನೊರೆ ತೊಳೆಯುತ್ತ. "ಡಾಕ್ಟರಮ್ಮ ಹೇಗಿದಾರೆ? ಬದುಕ್ತಾರಂತಾ?"

ಅವಳು ಉತ್ತರ ಹೇಳುವ ಮೊದಲೇ ಅವಳ ಮೊಬೈಲು ಸದ್ದು ಮಾಡಿತು. ಹೆಡ್ ಕಾನ್‌ಸ್ಟೆಬಲ್.

"ಮೇಡಂ, ನಂಬರು ಸಿಕ್ತು. ಮೊಬೈಲಲ್ಲ, ಸ್ಥಿರ ದೂರವಾಣಿ. ಬರ್ಕೊಳ್ತೀರಾ?"

"ಹೇಳಿ."

ಆತ ಒಂದೊಂದೇ ಅಂಕಿ ಹೇಳುತ್ತ ಹೋದ. ಜೇಬಿನಿಂದ ಪೆನ್ನು ತೆಗೆದಿದ್ದ ಅವಳ ಕೈ ನಡುವೆಯೇ ನಿಂತಿತು. ಉಳಿದ ಅಂಕಿಗಳು ಆತನ ಬಾಯಿಂದ ಬೀಳುವ ಮೊದಲೇ ಅವಳ ತಲೆಯೊಳಗೆ ಉದುರಿದವು. ಎಲ್ಲಾದರೂ ದಾರಿ ತಪ್ಪಿದರೆ ಯಾರಿಗಾದರೂ ಹೇಳು ಎಂದು ಅಮ್ಮ ಮಗ್ಗಿಯ ಜೊತೆಯಲ್ಲೇ ಬಾಯಿಪಾಠ ಮಾಡಿಸಿದ್ದ ಸಂಖ್ಯೆ ಅದು.

"ಯಾರದು ಅಂತ ಇನ್ನೂ ಗೊತ್ತಾಗಿಲ್ಲ ಮೇಡಂ. ತಡೀರಿ, ಈಗಲೇ ಹೊಡೆದು ನೋಡ್ತೀನಿ."

"ಬೇಡ, ಸ್ವಲ್ಪ..." ಎನ್ನುವಷ್ಟರಲ್ಲಿ ಆತ ಇಟ್ಟುಬಿಟ್ಟಿದ್ದ.

ನಲ್ಲಿ ನಿಂತಿತು. ಅವಳ ಕಣ್ಣು ಅಂಗಳದಲ್ಲಿದ್ದ ಮೇವಿನ ಕಾರ್ಖಾನೆಯ ಲಾರಿಯ ಮೇಲೆ ಬಿತ್ತು. ಆಮೇಲೆ ಮಾವನ ಬೆನ್ನ ಹಿಂದಿನ ಕಚೇರಿ ಕೋಣೆಯಲ್ಲಿ, ಗೋಡೆಗೆ ನೇತುಹಾಕಿದ್ದ ಹಳೆಯ ಫೋನು ಹೊಡೆದುಕೊಳ್ಳತೊಡಗಿತು.

ಮಾವ ತಿರುಗಿ ನೋಡಲಿಲ್ಲ. ಟವೆಲ್ಲು ತೆಗೆದುಕೊಂಡು, ಒಂದೊಂದೇ ಬೆರಳನ್ನು ಒರೆಸಿಕೊಂಡರು.

"ಹೋಗಿ ಎತ್ತು, ಪುಟ್ಟಿ," ಎಂದರು ಮೆಲ್ಲಗೆ. "ನಿನಗೇ ಇರ್ಬೇಕು."